ಖಾಲಿ ಕಾಡತೂಸಿನ ಮರುಭರ್ತಿ: ಒಗ್ಗಿದ ಕವಚ, ಒಗ್ಗದ ಕವಚ

ಕಾಡತೂಸಿನಲ್ಲಿ ನಾಲ್ಕು ಭಾಗಗಳಿರುತ್ತವೆ. ತುದಿಯಲ್ಲಿ ಗುಂಡು, ಅದರ ಹಿಂದೆ ಮದ್ದು, ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಈ ಮೂರನ್ನೂ ಹಿಡಿದಿಟ್ಟುಕೊಳ್ಳುವ ಲೋಹದ ಕವಚ. ಈಡು ಹಾರಿದ ಕೂಡಲೇ ಗುಂಡು ನಳಿಗೆ ದಾಟಿ ಹೋಗುತ್ತದೆ, ಮದ್ದು ಉರಿದು ಹೊಗೆಯಾಗುತ್ತದೆ, ಕೇಪು ಸಿಡಿದು ಮುಗಿಯುತ್ತದೆ. ಉಳಿಯುವುದು ಕವಚವೊಂದೇ. ಕಾಡತೂಸಿನ ತಯಾರಿಕೆಯಲ್ಲಿ ಹೆಚ್ಚು ಶ್ರಮ ಬೇಡುವುದೂ ಅದೇ. ಹಿತ್ತಾಳೆ ತಗಡಿನಿಂದ ಬಿಲ್ಲೆ ಕತ್ತರಿಸಿ, ಬಟ್ಟಲಿನ ಆಕಾರಕ್ಕೆ ಒತ್ತಿ, ಅಚ್ಚಿನಲ್ಲಿ ಮತ್ತೆ ಮತ್ತೆ ಎಳೆದು ಉದ್ದ ಮಾಡಿ, ನಡುನಡುವೆ ಕಾಯಿಸಿ ಮೆದುಗೊಳಿಸಿ, ಬುಡ ಹೊಡೆದು, ಕೊನೆಗೆ ಕೊರಳನ್ನು ಕಿರಿದು ಮಾಡಿದರೆ ಒಂದು ಕವಚ ಸಿದ್ಧವಾಗುತ್ತದೆ. ಇಷ್ಟು ಕೆಲಸ ಹಿಡಿದ ವಸ್ತುವನ್ನು ಒಂದೇ ಈಡಿಗೆ ಬಿಸಾಡುವುದು ದಂಡ ಎಂಬ ಯೋಚನೆ ಲೋಹದ ಕಾಡತೂಸಿನಷ್ಟೇ ಹಳೆಯದು. ಸಿಡಿದ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಹಿಗ್ಗಿದ ಕವಚವನ್ನು ಮೊದಲಿನ ಅಳತೆಗೆ ತಂದು, ಮದ್ದು ಮತ್ತು ಗುಂಡನ್ನು ಮತ್ತೆ ತುಂಬುವ ಕೆಲಸವೇ ಮರುಭರ್ತಿ.

ಎಲ್ಲ ಕವಚಗಳೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ಕೆಲವು ಹತ್ತಾರು ಸಲ ಮರುಭರ್ತಿಯಾಗುತ್ತವೆ, ಕೆಲವು ಒಂದು ಸಲಕ್ಕೂ ಬರುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಮರುಭರ್ತಿ ಮಾಡುವವರ ಕೈಚಳಕವಲ್ಲ. ಸೇನೆಗಳ ಆಯ್ಕೆ, ಯುದ್ಧಕಾಲದ ಲೋಹದ ಅಭಾವ, ಕೇಪಿನೊಳಗಿನ ರಸಾಯನ, ಭಾರತದ ಮಳೆಗಾಲ ಇವೆಲ್ಲ ಸೇರಿ ಕವಚದ ಗುಣವನ್ನು ತೀರ್ಮಾನಿಸಿವೆ.

ಕಾಗದದಿಂದ ಲೋಹಕ್ಕೆ

ಲೋಹದ ಕವಚ ಬರುವ ಮೊದಲು ಸೈನಿಕರು ಬಳಸುತ್ತಿದ್ದದ್ದು ಕಾಗದದ ಕಾಡತೂಸು. ಒಂದು ಈಡಿಗೆ ಸಾಕಾಗುವಷ್ಟು ಮದ್ದು ಮತ್ತು ಗುಂಡನ್ನು ಕಾಗದದಲ್ಲಿ ಸುತ್ತಿಟ್ಟ ಪೊಟ್ಟಣ ಅದು. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ಗಜದಿಂದ ಗುಂಡನ್ನು ಕೆಳಗೆ ಜಡಿಯುತ್ತಿದ್ದ. 1853ರ ಎನ್‌ಫೀಲ್ಡ್ ಬಂದೂಕಿನ ಕಾಡತೂಸಿಗೆ ದನ ಮತ್ತು ಹಂದಿಯ ಕೊಬ್ಬು ಸವರಲಾಗಿದೆ ಎಂಬ ಸುದ್ದಿ 1857ರ ಜನವರಿಯಲ್ಲಿ ಕಲ್ಕತ್ತ ಬಳಿಯ ದಮ್‌ದಮ್‌ನಿಂದ ಹಬ್ಬಿತು. ಅದೇ ವರ್ಷದ ಮೇ 10ರಂದು ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದರು. ಕಾಡತೂಸಿನ ಹೊದಿಕೆ ಒಂದು ದೇಶದ ಚರಿತ್ರೆಗೇ ತಿರುವು ಕೊಟ್ಟ ಪ್ರಸಂಗ ಇದು.

ಕಾಗದದ ಕಾಡತೂಸಿನಲ್ಲಿ ಮರುಬಳಕೆಗೆ ಏನೂ ಉಳಿಯುತ್ತಿರಲಿಲ್ಲ. ಮದ್ದಿನ ಜೊತೆಗೆ ಕಾಗದವೂ ಹಾಳಾಗುತ್ತಿತ್ತು. ಬದಲಾವಣೆಗೆ ದಾರಿ ಮಾಡಿದ್ದು ಹೊಡೆತಕ್ಕೆ ಸಿಡಿಯುವ ರಾಸಾಯನಿಕ. ಸ್ಕಾಟ್‌ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಇಂಥ ಮದ್ದಿನಿಂದ ಕಿಡಿ ಹೊತ್ತಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಸ್ವಿಸ್ ಮೂಲದ ಬಂದೂಕು ತಯಾರಕ ಸ್ಯಾಮ್ಯುಯೆಲ್ ಪೌಲಿ 1812ರಲ್ಲಿ ಪ್ಯಾರಿಸ್‌ನಲ್ಲಿ ಇನ್ನೂ ಮುಂದೆ ಹೋದ. ಗುಂಡು, ಮದ್ದು, ಕಿಡಿ ಮೂರೂ ಒಂದೇ ಕಡೆ ಇರುವ ಕಾಡತೂಸು ಅವನದು. ಅದರ ಬುಡ ಲೋಹದ್ದು, ಕಿಡಿಮದ್ದು ಇದ್ದದ್ದು ಬುಡದ ನಡುವೆ. ಈಡಿನ ನಂತರ ಆ ಬುಡವನ್ನು ತೆಗೆದು ಮತ್ತೆ ಮದ್ದು ಹಾಕಿ ಬಳಸಬಹುದಿತ್ತು. ಹೀಗೆ ಒಳಗೇ ಕಿಡಿ ಹೊತ್ತ ಕಾಡತೂಸಿನ ಜೊತೆಯಲ್ಲೇ ಮರುಭರ್ತಿಯೂ ಹುಟ್ಟಿತು. ಪೌಲಿಯ ಕಾಡತೂಸನ್ನು ಯಾವ ಸೇನೆಯೂ ಕೈಗೆತ್ತಿಕೊಳ್ಳಲಿಲ್ಲ. ಕಿಡಿ ಬುಡದ ನಡುವೆ ಇರಬೇಕು ಎಂಬ ಅವನ ಕಲ್ಪನೆ ಮತ್ತೆ ಚಲಾವಣೆಗೆ ಬರಲು ಅರ್ಧ ಶತಮಾನ ಹಿಡಿಯಿತು.

ಅಂಚಿನಲ್ಲಿ ಕಿಡಿ

ಮೊದಲು ಜನಪ್ರಿಯವಾದ ಲೋಹದ ಕಾಡತೂಸು ಬೇರೆ ಬಗೆಯದು. ಫ್ರಾನ್ಸಿನ ಫ್ಲೋಬೇರ್ 1845ರ ಸುಮಾರಿಗೆ ಕೇಪನ್ನೇ ಕವಚವಾಗಿ ಬೆಳೆಸಿ ಪುಟ್ಟ ಕಾಡತೂಸು ಮಾಡಿದ. ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಕಂಪನಿ 1857ರಲ್ಲಿ ತನ್ನ ರಿವಾಲ್ವರಿಗೆ .22 ಅಳತೆಯ ಕಾಡತೂಸನ್ನು ತಂದಿತು. ಇದರಲ್ಲಿ ಪ್ರತ್ಯೇಕ ಕೇಪು ಇಲ್ಲ. ಬುಡದ ಸುತ್ತ ಮಡಚಿದ ಅಂಚಿನ ಒಳಗೇ ಕಿಡಿಮದ್ದನ್ನು ತುಂಬಿರುತ್ತಾರೆ. ಬಂದೂಕಿನ ಮೊಳೆ ಅಂಚಿನ ಯಾವುದೇ ಜಾಗಕ್ಕೆ ಬಡಿದರೂ ಕಿಡಿ ಹತ್ತುತ್ತದೆ. 1860ರ ಹೆನ್ರಿ ರೈಫಲ್ ಮತ್ತು ಸ್ಪೆನ್ಸರ್ ರೈಫಲ್ ಬಳಸಿದ್ದು ಇದೇ ಬಗೆಯನ್ನು. ಅಮೆರಿಕದ ಅಂತರ್ಯುದ್ಧದಲ್ಲಿ ಅವುಗಳ ವೇಗ ಹೆಸರು ಮಾಡಿತು.

ಮರುಭರ್ತಿಗೆ ಇದು ಅತ್ಯಂತ ಒಗ್ಗದ ಕವಚ. ಮೊಳೆ ಬಡಿದಾಗ ಅಂಚು ಜಜ್ಜಿಹೋಗುತ್ತದೆ. ಆ ಸಣ್ಣ ಮಡಿಕೆಯೊಳಗೆ ಕಿಡಿಮದ್ದನ್ನು ಮತ್ತೆ ತುಂಬಲು ಕಾರ್ಖಾನೆಯ ಯಂತ್ರವೇ ಬೇಕು. ಅಂಚು ಜಜ್ಜುವಷ್ಟು ಮೆದುವಾಗಿರಬೇಕಾದ್ದರಿಂದ ಕವಚದ ಲೋಹವೂ ತೆಳು, ಹಾಗಾಗಿ ಹೆಚ್ಚಿನ ಒತ್ತಡವನ್ನು ಅದು ತಾಳಲಾರದು. ಶಕ್ತಿಶಾಲಿ ರೈಫಲ್‌ಗಳಿಗೆ ಈ ವಿನ್ಯಾಸ ಸಾಲದೆಂದು ಬೇಗನೆ ತಿಳಿಯಿತು. .22 ಅಳತೆ ಮಾತ್ರ ಅಗ್ಗದ ಅಭ್ಯಾಸಕ್ಕಾಗಿ ಇಂದಿಗೂ ಉಳಿದಿದೆ.

ಬರ್ಡನ್ ಮತ್ತು ಬಾಕ್ಸರ್

ಕಿಡಿಯನ್ನು ಬುಡದ ನಡುವೆ ಇಡುವ ಆಧುನಿಕ ಕವಚ 1866ರಲ್ಲಿ ಎರಡು ಕಡೆ ರೂಪುಗೊಂಡಿತು. ಅಮೆರಿಕದ ಹೈರಮ್ ಬರ್ಡನ್ ಒಂದು ವಿನ್ಯಾಸಕ್ಕೆ ಪೇಟೆಂಟ್ ಪಡೆದರೆ, ಇಂಗ್ಲೆಂಡಿನ ವೂಲಿಚ್‌ನ ರಾಯಲ್ ಲ್ಯಾಬೊರೇಟರಿಯಲ್ಲಿದ್ದ ಎಡ್ವರ್ಡ್ ಬಾಕ್ಸರ್ ಇನ್ನೊಂದಕ್ಕೆ ಪಡೆದ. ಕೇಪಿನೊಳಗಿನ ಮದ್ದು ಸಿಡಿಯಬೇಕಾದರೆ ಅದು ಮೊಳೆಯ ಹೊಡೆತಕ್ಕೂ ಗಟ್ಟಿಯಾದ ಇನ್ನೊಂದು ಮೈಗೂ ನಡುವೆ ಸಿಕ್ಕಿ ಜಜ್ಜಬೇಕು. ಕಮ್ಮಾರನ ಅಡೆಗಲ್ಲಿನ ಕೆಲಸ ಮಾಡುವ ಆ ಗಟ್ಟಿ ಭಾಗ ಎಲ್ಲಿರಬೇಕು ಎಂಬಲ್ಲೇ ಇಬ್ಬರ ದಾರಿ ಬೇರೆಯಾಯಿತು.

ಬರ್ಡನ್ ಕವಚದಲ್ಲಿ ಅಡೆಗಲ್ಲು ಕವಚದ ಬುಡದ್ದೇ ಭಾಗ. ಕೇಪು ಕೂರುವ ಗುಳಿಯ ನಡುವೆ ಹಿತ್ತಾಳೆಯ ಸಣ್ಣ ಉಬ್ಬು ಎದ್ದಿರುತ್ತದೆ. ಅದರ ಅಕ್ಕಪಕ್ಕದಲ್ಲಿರುವ ಎರಡು ಪುಟ್ಟ ತೂತುಗಳ ಮೂಲಕ ಕಿಡಿ ಮದ್ದಿನ ಕಡೆಗೆ ದಾಟುತ್ತದೆ. ಬಾಕ್ಸರ್ ಕವಚದಲ್ಲಿ ಅಡೆಗಲ್ಲು ಕೇಪಿನೊಳಗೇ ಕೂರುವ ಬೇರೆ ಚೂರು. ಕವಚದ ಬುಡದಲ್ಲಿ ಸರಿಯಾಗಿ ಮಧ್ಯಕ್ಕೆ ಒಂದೇ ತೂತು. ಎರಡು ಖಾಲಿ ಕವಚಗಳನ್ನು ಬೆಳಕಿಗೆ ಹಿಡಿದು ಬಾಯಿಯಿಂದ ಒಳಗೆ ನೋಡಿದರೆ ವ್ಯತ್ಯಾಸ ತಕ್ಷಣ ಕಾಣುತ್ತದೆ. ಒಂದರ ತಳದಲ್ಲಿ ಎರಡು ಸೂಜಿಕಣ್ಣುಗಳು, ಇನ್ನೊಂದರಲ್ಲಿ ನಡುವೆ ಒಂದೇ ಕಣ್ಣು.

ಮರುಭರ್ತಿಯ ಚರಿತ್ರೆಯನ್ನು ಇಬ್ಭಾಗ ಮಾಡಿದ್ದು ಈ ತೂತುಗಳೇ. ಬಾಕ್ಸರ್ ಕವಚದ ಬಾಯಿಯಿಂದ ತೆಳುವಾದ ಕಂಬಿಯನ್ನು ಇಳಿಸಿದರೆ ಅದು ನೇರವಾಗಿ ನಡುತೂತಿಗೆ ಹೋಗಿ ಸಿಡಿದ ಕೇಪನ್ನು ಹೊರಕ್ಕೆ ತಳ್ಳುತ್ತದೆ. ಬರ್ಡನ್ ಕವಚದಲ್ಲಿ ಅದೇ ಕಂಬಿ ಅಡೆಗಲ್ಲಿಗೆ ಬಡಿದು ನಿಲ್ಲುತ್ತದೆ. ಕೇಪನ್ನು ಹೊರಗಿನಿಂದ ಕೊಕ್ಕೆಯಿಂದ ಮೀಟಬೇಕು, ಇಲ್ಲವೇ ಕವಚಕ್ಕೆ ನೀರು ತುಂಬಿ ಒತ್ತಡದಿಂದ ನೂಕಬೇಕು. ಮೀಟುವಾಗ ಅಡೆಗಲ್ಲಿಗೆ ಪೆಟ್ಟಾದರೆ ಕವಚ ಕೆಟ್ಟಂತೆ. ಬರ್ಡನ್ ಕೇಪುಗಳ ಅಳತೆಗಳೂ ಹಲವು, ಸರಿಹೊಂದುವುದು ಸಿಗುವುದೇ ಕಷ್ಟ.

ಅಮೆರಿಕದವನ ವಿನ್ಯಾಸ ಯೂರೋಪಿನ ಸೇನೆಗಳಿಗೆ ಒಪ್ಪಿಗೆಯಾಯಿತು, ಇಂಗ್ಲೆಂಡಿನವನ ಕೇಪು ಅಮೆರಿಕದಲ್ಲಿ ನೆಲೆಯೂರಿತು. ಬರ್ಡನ್ ಕೇಪಿನಲ್ಲಿ ಒಂದು ಚೂರು ಕಡಿಮೆ, ಹಾಗಾಗಿ ಕೋಟಿಗಟ್ಟಲೆ ತಯಾರಿಸುವ ಕಾರ್ಖಾನೆಗೆ ಅದು ಸಲೀಸು. ಯುದ್ಧಭೂಮಿಯಲ್ಲಿ ಬಿದ್ದ ಖಾಲಿ ಕವಚವನ್ನು ಯಾರೂ ಹೆಕ್ಕಲಾರರು ಎಂದು ಲೆಕ್ಕ ಹಾಕುವ ಸೇನೆಗೆ ಮರುಭರ್ತಿಯ ಯೋಚನೆ ಇರುವುದಿಲ್ಲ. ಊರಿನ ಅಂಗಡಿಗೆ ನೂರಾರು ಮೈಲಿ ದೂರವಿದ್ದ ಅಮೆರಿಕದ ಬೇಟೆಗಾರನಿಗೆ ಅದೇ ಮುಖ್ಯ ಯೋಚನೆಯಾಗಿತ್ತು.

ಸುರುಳಿ ಕವಚದ ಪಾಡು

ಬ್ರಿಟಿಷ್ ಸೇನೆ ಆರಂಭದಲ್ಲಿ ಬಳಸಿದ ಬಾಕ್ಸರ್ ಕಾಡತೂಸು ಒಂದೇ ತುಂಡು ಹಿತ್ತಾಳೆಯದಲ್ಲ. ತೆಳುವಾದ ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿ, ಅದಕ್ಕೆ ಕಬ್ಬಿಣದ ಬುಡವನ್ನು ಜೋಡಿಸುತ್ತಿದ್ದರು. ಹಳೆಯ ಎನ್‌ಫೀಲ್ಡ್‌ಗಳನ್ನು ಹಿಂಬದಿಯಿಂದ ತುಂಬುವಂತೆ ಮಾರ್ಪಡಿಸಿದ ಸ್ನೈಡರ್ ಬಂದೂಕಿಗೂ, 1871ರಲ್ಲಿ ಬಂದ ಮಾರ್ಟಿನಿ-ಹೆನ್ರಿ ರೈಫಲ್‌ಗೂ ಇಂಥ ಕವಚಗಳೇ ಇದ್ದವು. ಮಾರ್ಟಿನಿಯ ಕಾಡತೂಸಿಗೆ .577/450 ಎಂದು ಹೆಸರು. ಸ್ನೈಡರಿನ ಅಗಲವಾದ ಕವಚದ ಮೈಯನ್ನೇ ಇಟ್ಟುಕೊಂಡು ಕೊರಳನ್ನು ಕಿರಿದಾಗಿಸಿದ್ದು ಅದು.

ನಳಿಗೆ ಕಾದು ಮಸಿ ಕಟ್ಟಿದಾಗ ಸುರುಳಿ ಕವಚ ಒಳಗೇ ಅಂಟಿಕೊಳ್ಳುತ್ತಿತ್ತು. ಹೊರಗೆಳೆಯುವ ಕೊಕ್ಕೆ ಬುಡವನ್ನು ಮಾತ್ರ ಕಿತ್ತು, ಹಾಳೆ ಒಳಗೇ ಉಳಿಯುವುದೂ ಇತ್ತು. 1884–85ರ ಸುಡಾನ್ ಯುದ್ಧಗಳಲ್ಲಿ ಮರುಭೂಮಿಯ ಮರಳೂ ಸೇರಿ ಈ ತೊಂದರೆ ಎಲ್ಲರ ಕಣ್ಣಿಗೆ ಬಿತ್ತು. ಅದರ ಬೆನ್ನಿಗೇ ಒಂದೇ ಬಿಲ್ಲೆಯಿಂದ ಎಳೆದು ಮಾಡಿದ ಹಿತ್ತಾಳೆ ಕವಚಗಳು ಬಂದವು. ಸುರುಳಿ ಕವಚವನ್ನು ಅಚ್ಚಿಗೆ ಹಾಕಿ ಅಳತೆಗೆ ತರುವುದು ಆಗದ ಮಾತಾಗಿತ್ತು. ಗಟ್ಟಿ ಹಿತ್ತಾಳೆ ಬಂದ ಮೇಲೆ ಅದು ಸಾಧ್ಯವಾಯಿತು.

ಈ ಸಾಧ್ಯತೆಗೆ ಭಾರತದ ಸರ್ಕಾರ ಹೆದರಿತು. ವಾಯವ್ಯ ಗಡಿಯ ಬುಡಕಟ್ಟುಗಳ ಕೈಗೆ ಮಾರ್ಟಿನಿ ರೈಫಲ್‌ಗಳು ಸೇರಿದ್ದವು, ಖಾಲಿ ಕವಚಗಳಿಗೆ ಅವರು ಮತ್ತೆ ಮದ್ದು ತುಂಬುತ್ತಿದ್ದರು. ಹಾಗಾಗಿ ಗಡಿಯ ಪಡೆಗಳಲ್ಲಿ ಖಾಲಿ ಕವಚಗಳನ್ನೂ ಎಣಿಸಿ ಒಪ್ಪಿಸಬೇಕಿತ್ತು. 20ನೇ ಶತಮಾನದ ಮೊದಲ ದಶಕದಲ್ಲಿ .450 ಅಳತೆಯ ಬೇಟೆ ರೈಫಲ್‌ಗಳನ್ನೂ ಕಾಡತೂಸುಗಳನ್ನೂ ಭಾರತಕ್ಕೆ ತರಿಸುವುದನ್ನು ನಿಷೇಧಿಸಲಾಯಿತು. ಆ ಕಾಡತೂಸಿನ ಗುಂಡುಗಳು ಮಾರ್ಟಿನಿಯ ಮರುಭರ್ತಿಗೆ ಒದಗುತ್ತವೆ ಎಂಬುದೇ ಆತಂಕ. ಲಂಡನ್ನಿನ ಬಂದೂಕು ತಯಾರಕರಿಗೆ ಭಾರತ ದೊಡ್ಡ ಮಾರುಕಟ್ಟೆಯಾಗಿತ್ತು. ಅವರು ನಿಷೇಧದಿಂದ ತಪ್ಪಿಸಿಕೊಳ್ಳಲು ಅಳತೆಯನ್ನು ಸ್ವಲ್ಪ ಬದಲಾಯಿಸಿ .465, .470 ಮುಂತಾದ ಹೊಸ ಕಾಡತೂಸುಗಳನ್ನು ತಂದರು. ಆನೆ, ಕಾಟಿಗಳ ಬೇಟೆಗೆ ಹೆಸರಾದ .470 ನೈಟ್ರೋ ಎಕ್ಸ್‌ಪ್ರೆಸ್ ನೆಲೆ ಕಂಡಿದ್ದು ಹೀಗೆ.

ಅಮೆರಿಕದ ಬಯಲುಗಳಲ್ಲಿ

1870ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಕಾಡೆಮ್ಮೆಗಳ ಚರ್ಮಕ್ಕಾಗಿ ನಡೆದ ಬೇಟೆ ಮರುಭರ್ತಿಯನ್ನು ಕಸುಬಿನ ಭಾಗವಾಗಿಸಿತು. ಶಾರ್ಪ್ಸ್ ರೈಫಲ್ ಹಿಡಿದ ಬೇಟೆಗಾರರು ಹಗಲು ಹಾರಿಸಿದ ಕವಚಗಳನ್ನು ಹೆಕ್ಕಿ ತಂದು, ರಾತ್ರಿ ಬಿಡಾರದಲ್ಲಿ ಸೀಸ ಕರಗಿಸಿ ಗುಂಡು ಎರಕ ಹೊಯ್ದು, ಮರುದಿನಕ್ಕೆ ಬೇಕಾದಷ್ಟು ಕಾಡತೂಸು ತುಂಬಿಟ್ಟುಕೊಳ್ಳುತ್ತಿದ್ದರು. ಸೀಸ, ಮದ್ದು, ಕೇಪುಗಳನ್ನು ಗಾಡಿಯಲ್ಲಿ ಹೊತ್ತರೆ ಸಾಕಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಆ ಪ್ರಾಣಿಯ ಹಿಂಡುಗಳು ಬಹುತೇಕ ನಿರ್ನಾಮವಾದವು. ಮರುಭರ್ತಿಯ ಅಗ್ಗದ ಈಡು ಆ ವಿನಾಶಕ್ಕೆ ನೆರವಾಯಿತು ಎಂಬುದನ್ನು ಮರೆಯಲಾಗದು.

ಇದೇ ಕಾಲದಲ್ಲಿ ಅಮೆರಿಕದ ಸೇನೆ ಬಳಸುತ್ತಿದ್ದದ್ದು ಮರುಭರ್ತಿಗೆ ಒಗ್ಗದ ಕವಚವನ್ನು. ಫ್ರಾಂಕ್‌ಫರ್ಡ್ ಶಸ್ತ್ರಾಗಾರದಲ್ಲಿ ತಯಾರಾಗುತ್ತಿದ್ದ ಅದು ತಾಮ್ರದ್ದು, ಕಿಡಿಮದ್ದನ್ನು ಒಳಗಿನಿಂದಲೇ ಕೂರಿಸಿ ಮುಚ್ಚಲಾಗಿತ್ತು. ಹೊರಗಿನಿಂದ ನೋಡಿದರೆ ಬುಡ ನುಣ್ಣಗೆ, ಬದಲಾಯಿಸಲು ಕೇಪೇ ಇಲ್ಲ. ತಾಮ್ರ ಮೆದು ಲೋಹ. ಕಾದಾಗ ಹಿಗ್ಗಿ ನಳಿಗೆಗೆ ಅಂಟಿಕೊಳ್ಳುತ್ತದೆ, ತಣಿದರೂ ಹಿತ್ತಾಳೆಯಂತೆ ಕುಗ್ಗಿ ಸಡಿಲವಾಗುವುದಿಲ್ಲ. 1876ರ ಜೂನ್ 25ರಂದು ಲಿಟ್ಲ್ ಬಿಗ್‌ಹಾರ್ನ್ ನದಿಯ ಬಳಿ ಸೇನಾಧಿಕಾರಿ ಕಸ್ಟರನ ಪಡೆ ಸೋತ ಯುದ್ಧದಲ್ಲಿ ಕೆಲವು ಸೈನಿಕರ ಬಂದೂಕುಗಳಲ್ಲಿ ಕವಚ ಸಿಕ್ಕಿಕೊಂಡಿತ್ತು. ಸೋಲಿಗೆ ಅದೇ ಕಾರಣವೆನ್ನಲಾಗದಿದ್ದರೂ ತಾಮ್ರದ ಕವಚದ ದೋಷ ಚರ್ಚೆಗೆ ಬಂತು. 1880ರ ದಶಕದಲ್ಲಿ ಸೇನೆ ಹೊರಗಿನಿಂದ ಕೇಪು ಹಾಕುವ .45-70 ಕವಚಕ್ಕೆ ಬದಲಾಯಿತು. ಅಷ್ಟಕ್ಕೇ ನಿಲ್ಲದೆ ದಳಗಳಿಗೆ ಮರುಭರ್ತಿಯ ಸಲಕರಣೆಗಳನ್ನೂ ಕೊಟ್ಟು, ಗುರಿ ಅಭ್ಯಾಸದ ಕಾಡತೂಸುಗಳನ್ನು ಠಾಣ್ಯದಲ್ಲೇ ತುಂಬಿಸಿತು.

ನಾಗರಿಕರಿಗೆ ಸಲಕರಣೆ ಒದಗಿಸಿದವರಲ್ಲಿ ಜಾನ್ ಬಾರ್ಲೋ ಪ್ರಮುಖ. ಕನೆಕ್ಟಿಕಟ್ ರಾಜ್ಯದಲ್ಲಿ 1884ರಲ್ಲಿ ಅವನು ಆರಂಭಿಸಿದ ಐಡಿಯಲ್ ಕಂಪನಿ ಇಕ್ಕಳದಂಥ ಕೈಸಾಧನವನ್ನು ಮಾರಿತು. ಕೇಪು ತೆಗೆಯುವುದು, ಹಾಕುವುದು, ಗುಂಡು ಕೂರಿಸುವುದು ಎಲ್ಲವೂ ಆ ಒಂದೇ ಸಾಧನದಲ್ಲಿ ಆಗುತ್ತಿತ್ತು.

ಹೊಗೆರಹಿತ ಮದ್ದು ತಂದ ತೊಡಕು

ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಗೆರಹಿತ ಮದ್ದನ್ನು ಕಂಡುಹಿಡಿದ. ಎರಡೇ ವರ್ಷದಲ್ಲಿ ಲೆಬೆಲ್ ರೈಫಲ್ ಅದನ್ನು ಬಳಸಿತು. ಬ್ರಿಟನ್ ಇದಕ್ಕೆ ಪ್ರತಿಯಾಗಿ 1889ರಲ್ಲಿ ಕಾರ್ಡೈಟ್ ಎಂಬ ಮದ್ದನ್ನು ರೂಪಿಸಿ .303 ಕಾಡತೂಸಿನಲ್ಲಿ ತುಂಬಿತು. ಭಾರತದ ಪೊಲೀಸ್ ಠಾಣೆಗಳಲ್ಲಿ ಬಹುಕಾಲ ಉಳಿದ, ಜನರ ಬಾಯಲ್ಲಿ ತ್ರೀ-ನಾಟ್-ತ್ರೀ ಎಂದೇ ಇರುವ ರೈಫಲ್‌ನ ಕಾಡತೂಸು ಇದು.

.303ರ ಸೇನಾ ಕವಚ ಮರುಭರ್ತಿಗೆ ಹಲವು ಅಡ್ಡಿಗಳನ್ನು ಒಟ್ಟಿಗೆ ಒಡ್ಡುತ್ತದೆ. ಮೊದಲನೆಯದು ಬರ್ಡನ್ ಕೇಪು. ಎರಡನೆಯದು ಮದ್ದು: ಕಾರ್ಡೈಟ್ ಪುಡಿಯಲ್ಲ, ಶಾವಿಗೆಯಂತೆ ಉದ್ದುದ್ದ ಎಳೆ. ಕಾರ್ಖಾನೆಯಲ್ಲಿ ಕವಚದ ಕೊರಳನ್ನು ಕಿರಿದು ಮಾಡುವ ಮೊದಲೇ ಎಳೆಗಳ ಕಟ್ಟನ್ನು ಒಳಗಿಳಿಸಿ, ಆಮೇಲೆ ಕೊರಳನ್ನು ಒತ್ತುತ್ತಿದ್ದರು. ತಯಾರಾದ ಕವಚದ ಬಾಯಿಯಿಂದ ಆ ಕಟ್ಟು ಇಳಿಯುವುದೇ ಇಲ್ಲ, ಬೇರೆ ಮದ್ದನ್ನೇ ಹುಡುಕಬೇಕು. ಮೂರನೆಯದು ರೈಫಲ್‌ನ ಸಡಿಲ. ಯುದ್ಧಭೂಮಿಯ ಕೆಸರಿನಲ್ಲೂ ಕಾಡತೂಸು ಸಲೀಸಾಗಿ ಕೂರಲೆಂದು ಲೀ-ಎನ್‌ಫೀಲ್ಡ್‌ನಲ್ಲಿ ಕಾಡತೂಸು ಕೂರುವ ಜಾಗವನ್ನು ಧಾರಾಳವಾಗಿ ಕೊರೆದಿದ್ದರು. ಪ್ರತಿ ಈಡಿಗೂ ಕವಚ ಬುಡದ ಮೇಲ್ಭಾಗದಲ್ಲಿ ಹಿಗ್ಗಿ ತೆಳುವಾಗುತ್ತದೆ, ಅಚ್ಚಿಗೆ ಹಾಕಿ ಕುಗ್ಗಿಸಿದಾಗ ಲೋಹ ಇನ್ನಷ್ಟು ದಣಿಯುತ್ತದೆ. ಕೆಲವು ಸುತ್ತುಗಳಾದ ಮೇಲೆ ಬುಡವೇ ಕಿತ್ತು ಬರಬಹುದು. ಹಾಗಾದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಹಾರಿಸುವವನ ಮುಖ, ಕಣ್ಣುಗಳಿಗೆ ಅಪಾಯವಾಗುತ್ತದೆ.

ಇನ್ನೊಂದು ಅಡ್ಡಿ ಕಣ್ಣಿಗೆ ಕಾಣದ್ದು. ಆ ಕಾಲದ ಕೇಪುಗಳಲ್ಲಿ ಪಾದರಸದ ಫಲ್ಮಿನೇಟ್ ಇರುತ್ತಿತ್ತು. ಹೊಗೆರಹಿತ ಮದ್ದಿಗೂ ಮೊದಲಿನ ಕರಿಮದ್ದಿನ ಕಾಲದಲ್ಲಿ ಮಸಿ ಹೇರಳವಾಗಿ ಉಳಿಯುತ್ತಿದ್ದರಿಂದ ಸಿಡಿದ ಪಾದರಸ ಅದರಲ್ಲಿ ಬೆರೆತುಹೋಗುತ್ತಿತ್ತು. ಹೊಗೆರಹಿತ ಮದ್ದು ಹೆಚ್ಚು ಮಸಿ ಬಿಡುವುದಿಲ್ಲ, ಹಾಗಾಗಿ ಪಾದರಸ ನೇರವಾಗಿ ಹಿತ್ತಾಳೆಗೆ ತಗುಲಿ ಅದನ್ನು ಪೆಡಸು ಮಾಡಿತು. ಹೊರನೋಟಕ್ಕೆ ಚೆನ್ನಾಗಿದ್ದ ಕವಚ ಎರಡನೇ ಈಡಿಗೆ ಸೀಳುತ್ತಿತ್ತು. ಈ ಕಾರಣಕ್ಕೆ 19ನೇ ಶತಮಾನದ ಕೊನೆಗೆ ಅಮೆರಿಕದ ಸೇನೆ ಪಾದರಸವನ್ನು ಬಿಟ್ಟು ಕ್ಲೋರೇಟ್ ಕೇಪಿಗೆ ಹೋಯಿತು. ಕವಚ ಉಳಿಯಿತು, ಆದರೆ ಕ್ಲೋರೇಟ್ ಉಳಿಸಿದ ಲವಣ ತೇವವನ್ನು ಹೀರಿ ನಳಿಗೆಗೆ ತುಕ್ಕು ಹಿಡಿಸಿತು. ಸೈನಿಕರು ಈಡಿನ ನಂತರ ನಳಿಗೆಗೆ ಕುದಿನೀರು ಹೊಯ್ದು ತೊಳೆಯುತ್ತಿದ್ದುದು ಈ ಲವಣವನ್ನು ಕಳೆಯಲಿಕ್ಕೆ. ಕವಚಕ್ಕೂ ನಳಿಗೆಗೂ ಹಾನಿ ಮಾಡದ ಕೇಪುಗಳು ಮಾರುಕಟ್ಟೆಗೆ ಬಂದದ್ದು 1920ರ ದಶಕದ ಕೊನೆಯಲ್ಲಿ.

ಮಳೆಗಾಲದ ಬಿರುಕು

ಹಿತ್ತಾಳೆಯ ಇನ್ನೊಂದು ರೋಗ ಪತ್ತೆಯಾದದ್ದು ಭಾರತದಲ್ಲಿ. ಮಳೆಗಾಲದಲ್ಲಿ ಬ್ರಿಟಿಷ್ ಪಡೆಗಳ ಓಡಾಟ ಕಡಿಮೆ. ಮದ್ದುಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇಟ್ಟು, ಮಳೆ ನಿಂತ ಮೇಲೆ ತೆಗೆಯುತ್ತಿದ್ದರು. ತೆಗೆದಾಗ ಎಷ್ಟೋ ಕವಚಗಳು ಬಿರುಕು ಬಿಟ್ಟಿರುತ್ತಿದ್ದವು. ಯಾರೂ ಮುಟ್ಟಿರಲಿಲ್ಲ, ಪೆಟ್ಟು ಬಿದ್ದಿರಲಿಲ್ಲ, ಮೇಲೆ ತುಕ್ಕೂ ಇರಲಿಲ್ಲ. ಬಿರುಕು ಹೆಚ್ಚಾಗಿ ಕಾಣುತ್ತಿದ್ದದ್ದು ಗುಂಡನ್ನು ಬಿಗಿಯಾಗಿ ಹಿಡಿದ ಕೊರಳಿನಲ್ಲಿ. ಋತುವಿಗೆ ತಕ್ಕಂತೆ ಬರುವ ಈ ದೋಷಕ್ಕೆ ಋತುಬಿರುಕು ಎಂಬರ್ಥದ ಹೆಸರೇ ಬಿತ್ತು.

1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ಬ್ರಿಟಿಷ್ ಲೋಹವಿಜ್ಞಾನಿಗಳು ಇದರ ಕಾರಣವನ್ನು ವಿವರಿಸಿದರು. ಕಾಯಿಸದೆ ಅಚ್ಚಿನಲ್ಲಿ ಎಳೆದ ಹಿತ್ತಾಳೆಯೊಳಗೆ ಸೆಳೆತ ಉಳಿದುಕೊಂಡಿರುತ್ತದೆ. ಕುದುರೆಯ ಗಂಜಲದಿಂದ ಹೊಮ್ಮುವ ಅಮೋನಿಯಾ ಲಾಯದ ತೇವದ ಗಾಳಿಯಲ್ಲಿ ಸೇರಿ ಕವಚವನ್ನು ತಾಗುತ್ತದೆ. ಸೆಳೆತ ಒಂದೇ ಇದ್ದರೆ ಅಥವಾ ಅಮೋನಿಯಾ ಒಂದೇ ಇದ್ದರೆ ಬಿರುಕಿಲ್ಲ. ಎರಡೂ ಕೂಡಿದರೆ ಲೋಹದ ಹರಳುಗಳ ನಡುವಿನ ಗೆರೆಗಳಲ್ಲೇ ಸೀಳು ಸಾಗುತ್ತದೆ. ಪರಿಹಾರ ಸುಲಭವಿತ್ತು: ಕವಚವನ್ನು ಹದವಾಗಿ ಕಾಯಿಸಿ ಒಳಸೆಳೆತವನ್ನು ಕಳೆಯುವುದು, ಉಗ್ರಾಣವನ್ನು ಲಾಯದಿಂದ ದೂರ ಇಡುವುದು. ಒತ್ತಡ ಮತ್ತು ರಾಸಾಯನಿಕ ಸೇರಿ ಲೋಹವನ್ನು ಸೀಳುವ ಈ ಬಗೆಯನ್ನು ಇಂದು ಕೊಳವೆಮಾರ್ಗ, ಬಾಯ್ಲರ್, ವಿಮಾನಗಳ ವಿನ್ಯಾಸದಲ್ಲೂ ಗಮನಿಸುತ್ತಾರೆ. ಆ ಅರಿವಿನ ಆರಂಭದ ಪಾಠಗಳಲ್ಲಿ ಭಾರತದ ಲಾಯಗಳ ಕಾಡತೂಸುಗಳೂ ಸೇರಿವೆ.

ಮರುಭರ್ತಿಗೆ ಇದು ನೇರವಾಗಿ ಸಂಬಂಧಿಸಿದ ವಿಷಯ. ಕಾಡತೂಸಿನ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಪ್ರತಿ ಸಲ ಹಿಗ್ಗಿ ಕುಗ್ಗಿದಾಗಲೂ ಈ ಲೋಹ ಗಡಸಾಗುತ್ತ ಹೋಗಿ, ಕೊನೆಗೆ ಕೊರಳು ಸೀಳುತ್ತದೆ. ಕೊರಳನ್ನಷ್ಟೇ ಕಾಯಿಸಿ ಮೆದುಗೊಳಿಸಿದರೆ ಕವಚದ ಆಯಸ್ಸು ಹೆಚ್ಚುತ್ತದೆ. ಬುಡಕ್ಕೆ ಮಾತ್ರ ಕಾವು ತಾಗಬಾರದು. ಒತ್ತಡ ತಾಳಬೇಕಾದ ಬುಡ ಮೆದುವಾದರೆ ಕವಚ ಬಂದೂಕಿನೊಳಗೇ ಒಡೆಯುತ್ತದೆ. ಅಮೋನಿಯಾ ಬೆರೆಸಿದ ಪಾಲಿಶ್‌ನಿಂದ ಕವಚಗಳನ್ನು ಹೊಳಪು ಮಾಡಬಾರದು ಎಂಬ ನಿಯಮಕ್ಕೂ ಋತುಬಿರುಕಿನ ಕಥೆಯೇ ಆಧಾರ.

ಉಕ್ಕು ಮತ್ತು ಅಲ್ಯೂಮಿನಿಯಂ

ಎರಡು ಮಹಾಯುದ್ಧಗಳು ತಾಮ್ರಕ್ಕೆ ಬರ ತಂದವು. ತಾಮ್ರ ಸಿಗದ ಜರ್ಮನಿ ಉಕ್ಕಿನ ಕವಚಗಳತ್ತ ತಿರುಗಿತು. ಎರಡನೇ ಮಹಾಯುದ್ಧದಲ್ಲಿ ಮೆರುಗೆಣ್ಣೆ ಬಳಿದ ಉಕ್ಕಿನ ಕವಚಗಳನ್ನು ಭಾರೀ ಪ್ರಮಾಣದಲ್ಲಿ ತಯಾರಿಸಿತು. ಅಮೆರಿಕದಲ್ಲಿ ಕ್ರೈಸ್ಲರ್ ಕಾರು ಕಂಪನಿ ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್‌ನ ಕಾರ್ಖಾನೆಯಲ್ಲಿ .45 ಪಿಸ್ತೂಲಿಗೆ ಉಕ್ಕಿನ ಕವಚದ ಕಾಡತೂಸು ತಯಾರಿಸಿತು. ಅಲ್ಲಿಂದ ಹೊರಬಿದ್ದ .45 ಕಾಡತೂಸುಗಳ ಸಂಖ್ಯೆ 300 ಕೋಟಿಗೂ ಹೆಚ್ಚು. ಯುದ್ಧದ ನಂತರ ಸೋವಿಯತ್ ಒಕ್ಕೂಟ ಉಕ್ಕನ್ನೇ ಕಾಯಂ ಮಾಡಿತು. ಕಲಾಶ್ನಿಕೋವ್ ಬಂದೂಕಿನ ಕಾಡತೂಸಿನ ಕವಚ ಹೆಚ್ಚಾಗಿ ಉಕ್ಕಿನದು, ಕೇಪು ಬರ್ಡನ್ ಬಗೆಯದು.

ಉಕ್ಕು ಹಿತ್ತಾಳೆಯಷ್ಟು ಬಾಗುವುದಿಲ್ಲ. ಅಚ್ಚಿನಲ್ಲಿ ಒತ್ತಿದರೆ ಕವಚದ ಜೊತೆಗೆ ಅಚ್ಚೂ ಸವೆಯುತ್ತದೆ. ಮೇಲಿನ ಮೆರುಗು ಗೀಚಿದರೆ ತುಕ್ಕು ಹಿಡಿಯುತ್ತದೆ. ಆದರೂ ಕಷ್ಟಕಾಲದಲ್ಲಿ ಉಕ್ಕಿನ ಕವಚಗಳನ್ನೂ ಮರುಭರ್ತಿ ಮಾಡಿದವರಿದ್ದಾರೆ. ಇವಾನ್ಸ್‌ವಿಲ್‌ನ .45 ಕವಚದ ಕೇಪು ಬಾಕ್ಸರ್ ಬಗೆಯದಾದ್ದರಿಂದ, ಒತ್ತಡವೂ ಕಡಿಮೆಯಾದ್ದರಿಂದ, ಅದು ಒಂದೆರಡು ಸುತ್ತು ಒದಗುತ್ತಿತ್ತು. ಅಲ್ಯೂಮಿನಿಯಂ ಇನ್ನೂ ದುರ್ಬಲ, ಒಮ್ಮೆ ಹಿಗ್ಗಿದ ಕವಚ ಮತ್ತೆ ಕುಗ್ಗಿಸುವಾಗ ಸೀಳುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಬ್ಲೇಜರ್ ಎಂಬ ಅಗ್ಗದ ಅಲ್ಯೂಮಿನಿಯಂ ಕಾಡತೂಸಿಗೆ ತಯಾರಕರು ಬರ್ಡನ್ ಕೇಪನ್ನೇ ಆರಿಸಿದರು. ಮರುಭರ್ತಿಗೆ ಯಾರೂ ಕೈಹಾಕದಿರಲಿ ಎಂಬುದೇ ಅದರ ಉದ್ದೇಶ.

ಹಿತ್ತಾಳೆಯದಾಗಿ ಬಾಕ್ಸರ್ ಕೇಪಿನದೇ ಆದರೂ ಸೇನಾ ಕವಚಗಳಲ್ಲಿ ಒಂದು ಅಡ್ಡಿ ಉಳಿಯುತ್ತದೆ. ಮೆಷಿನ್ ಗನ್ನಿನ ಕುಲುಕಾಟಕ್ಕೆ ಕೇಪು ಕಳಚದಿರಲೆಂದು ಅದರ ಸುತ್ತ ಲೋಹವನ್ನು ಒತ್ತಿ ಬಿಗಿದಿರುತ್ತಾರೆ. ಆ ಮಡಿಕೆಯನ್ನು ಸವರಿ ತೆಗೆಯದೆ ಹೊಸ ಕೇಪು ಕೂರುವುದಿಲ್ಲ.

ಒಂದು ಕವಚದಿಂದ ಇನ್ನೊಂದು

ಬೇಕಾದ ಕವಚ ಸಿಗದಿದ್ದಾಗ ಸಿಕ್ಕಿದ ಕವಚವನ್ನು ಬೇಕಾದ ಆಕಾರಕ್ಕೆ ತರುವ ವಿದ್ಯೆ 20ನೇ ಶತಮಾನದಲ್ಲಿ ಬೆಳೆಯಿತು. ಬುಡದ ಅಳತೆ ಹೊಂದಿದರೆ ಕೊರಳನ್ನು ಕಿರಿದು ಮಾಡಬಹುದು, ಅಗಲಿಸಬಹುದು, ಉದ್ದವನ್ನು ಕತ್ತರಿಸಬಹುದು. ಅಮೆರಿಕದ ಸೇನೆಯ .30-06 ಕವಚ ಇಂಥ ಪ್ರಯೋಗಗಳಿಗೆ ತಾಯಿಬೇರು. ವಿಂಚೆಸ್ಟರ್ ಕಂಪನಿ 1925ರಲ್ಲಿ ಮಾರುಕಟ್ಟೆಗೆ ತಂದ .270 ಅದೇ ಕುಟುಂಬದ್ದು. ಯುದ್ಧ ಮುಗಿಸಿ ಬಂದ ಸೈನಿಕರು ನೆನಪಿಗೆಂದು ತಂದ ಜಪಾನಿನ ರೈಫಲ್‌ಗಳಿಗೆ ಕಾಡತೂಸು ಸಿಗದಾದಾಗ .30-06 ಕವಚವನ್ನೇ ಕತ್ತರಿಸಿ ಮಾರ್ಪಡಿಸಿದರು.

ಮರುಭರ್ತಿಗೆ ಒಗ್ಗದ ಕವಚವೂ ವ್ಯರ್ಥವಾಗಬೇಕಿಲ್ಲ ಎಂಬುದಕ್ಕೆ ಉತ್ತಮ ಉದಾಹರಣೆ ಎರಡನೇ ಮಹಾಯುದ್ಧದ ಕಾಲದ್ದು. ಆಗ ಅಮೆರಿಕದಲ್ಲಿ ಗುಂಡುಗಳ ತಾಮ್ರದ ಹೊದಿಕೆ ಸಿಗುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಓರೋವಿಲ್‌ನ ಫ್ರೆಡ್ ಹಂಟಿಂಗ್‌ಟನ್ 1943ರ ಹೊತ್ತಿಗೆ .22 ಖಾಲಿ ಕವಚಗಳಿಂದಲೇ ಆ ಹೊದಿಕೆ ಮಾಡುವ ಅಚ್ಚುಗಳನ್ನು ತಯಾರಿಸಿದ. ಜಜ್ಜಿದ ಅಂಚನ್ನು ಅಚ್ಚಿನಲ್ಲಿ ನೀಳಗೊಳಿಸಿ, ಒಳಗೆ ಸೀಸ ತುಂಬಿ, ತುದಿಯನ್ನು ಮೊನಚಾಗಿ ಒತ್ತಿದರೆ ಸಣ್ಣ ಪ್ರಾಣಿಗಳ ಬೇಟೆಗೆ ಬೇಕಾದ ಗುಂಡು ಸಿದ್ಧ. ಕವಚವಾಗಿ ಮತ್ತೆ ಬಳಕೆಗೆ ಬಾರದ ವಸ್ತು ಗುಂಡಾಗಿ ಮರಳಿ ಬಂತು. ಮರುಭರ್ತಿ ಸಲಕರಣೆಗಳಿಗೆ ಇಂದು ಹೆಸರಾಗಿರುವ ಆರ್‌ಸಿಬಿಎಸ್ ಕಂಪನಿಯ ಹೆಸರು ಆ ಅಚ್ಚುಗಳ ಹೆಸರಿನ ಮೊದಲಕ್ಷರಗಳಿಂದಲೇ ಬಂದದ್ದು.

ನೇಪಾಳದ ರಾಜಧಾನಿ ಕಠ್ಮಂಡುವಿನ ಹಳೆಯ ಶಸ್ತ್ರಾಗಾರವೊಂದರಲ್ಲಿದ್ದ ಸಾವಿರಾರು ಸ್ನೈಡರ್, ಮಾರ್ಟಿನಿ ಬಂದೂಕುಗಳು 2003ರಲ್ಲಿ ಅಮೆರಿಕದ ಸಂಗ್ರಾಹಕರಿಗೆ ಮಾರಾಟವಾದಾಗ ಇದೇ ವಿದ್ಯೆ ಮತ್ತೆ ನೆರವಾಯಿತು. ಬಂದೂಕುಗಳಿದ್ದವು, ಕಾಡತೂಸುಗಳ ತಯಾರಿಕೆ ಎಂದೋ ನಿಂತಿತ್ತು. ಹವ್ಯಾಸಿಗಳು ಬ್ರೆಜಿಲ್‌ನಲ್ಲಿ ತಯಾರಾಗುವ 24 ಗೇಜ್ ಹಿತ್ತಾಳೆ ಚರೆ ತೋಟೆಯ ಕೊರಳನ್ನು ಒತ್ತಿ .577/450 ಕವಚವಾಗಿ ಮಾರ್ಪಡಿಸಿದರು.

ಕರ್ನಾಟಕದಲ್ಲಿ

ಕೊಡಗಿನಲ್ಲಿ, ಮಲೆನಾಡಿನಲ್ಲಿ ನೂರಾರು ವರ್ಷ ಚಲಾವಣೆಯಲ್ಲಿದ್ದದ್ದು ಬಾಯಿಯಿಂದ ತುಂಬುವ ಕೋವಿ. ಅದರಲ್ಲಿ ಕವಚವೇ ಇಲ್ಲ. ಮದ್ದು ಸುರಿದು, ನಾರು ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೇಪು ಸಿಕ್ಕಿಸಿದರೆ ಒಂದು ಈಡು. ಹಿಂಬದಿಯಿಂದ ತುಂಬುವ ತೋಟೆಯ ಕೋವಿ ಆಮೇಲೆ ಬಂತು. 1857ರ ನಂತರ ದೇಶದ ಜನರ ಆಯುಧಗಳನ್ನು ಕಸಿಯಲು ಬ್ರಿಟಿಷರು ತಂದ ಕಾನೂನಿನಿಂದ ಕೊಡವರಿಗೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟ. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು ಈಡು ಹಾರಿಸುವ, ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ ಪೂಜಿಸುವ ನಾಡು ಅದು.

ಈ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಕಾಡತೂಸಿನ ತಯಾರಿಕೆ ಬೇರೆಯೇ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಭಾರತದಲ್ಲಿ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಹಾಗಾಗಿ ಅಮೆರಿಕದಲ್ಲಿ ಮನೆಮನೆಯ ಹವ್ಯಾಸವಾಗಿ ಬೆಳೆದ ಮರುಭರ್ತಿ ಇಲ್ಲಿ ಬೇರು ಬಿಡಲಿಲ್ಲ.

ಕವಚ ಒಗ್ಗುವುದೋ ಇಲ್ಲವೋ ಎಂಬುದು ಅದು ಕಾರ್ಖಾನೆಯಲ್ಲಿ ತಯಾರಾಗುವ ದಿನವೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಒಂದೇ ಸಲದ ಬಳಕೆಗೆಂದು ಮಾಡಿದವರು ಅಡೆಗಲ್ಲನ್ನು ಕವಚದಲ್ಲೇ ಬಿಟ್ಟರು, ಉಕ್ಕನ್ನು ಆರಿಸಿದರು, ಕೇಪನ್ನು ಬಿಗಿದರು. ಮತ್ತೆ ಬಳಕೆಗೆ ಬರಲಿ ಎಂದವರು ಹಿತ್ತಾಳೆಯನ್ನೂ ನಡುತೂತನ್ನೂ ಉಳಿಸಿಕೊಂಡರು. 1866ರಲ್ಲಿ ಬಂದ ಬರ್ಡನ್ ಮತ್ತು ಬಾಕ್ಸರ್ ಎಂಬ ಈ ಎರಡು ಬಗೆಗಳೇ ಇಂದಿಗೂ ಜಗತ್ತಿನ ಕಾರ್ಖಾನೆಗಳಲ್ಲಿ ತಯಾರಾಗುತ್ತಿವೆ.